ಸಣ್ಣ ದನಿಯ ಸ್ಪೀಕರ್

ವೀರೇಶ ಮಾಡಿದ ತಪ್ಪು ಇಷ್ಟೇ: ಸ್ಪೀಕರ್ ತರಲು ಜಮಖಂಡಿಗೆ ಹೊರಟ ಸುದ್ದಿಯನ್ನು ಕಟಿಂಗ್ ಅಂಗಡಿಯಲ್ಲಿ ಬಾಯಿಬಿಟ್ಟ. ಗಡ್ಡ ಅರ್ಧ ಹೆರೆಯುವಷ್ಟರಲ್ಲಿ ರಬಕವಿಯ ಆ ಓಣಿಗೆಲ್ಲ ಗೊತ್ತಾಗಿತ್ತು. ಮನೆಗೆ ಬಂದರೆ ಪಕ್ಕದ ಮನೆಯ ಮಲಕಾಜಪ್ಪ ಇಸ್ತ್ರಿ ಅಂಗಿ ತೊಟ್ಟು ಕಟ್ಟೆಯ ಮೇಲೆ ತಯಾರಾಗಿ ಕೂತಿದ್ದರು. ನಲವತ್ತು ವರ್ಷ ಪವರ್‌ಲೂಮ್ ನಡೆಸಿದ ಮನುಷ್ಯ. ಗುಟ್ಟನ್ನೂ ನಾಲ್ಕು ಮನೆಗೆ ಕೇಳುವಂತೆ ಹೇಳುವವರು.

ವೀರೇಶನಿಗಿದ್ದ ಆಸೆ ಒಂದೇ. ಸಿತಾರಿನ ತಂತಿ ಮೀಟಿದ ಮೇಲೆ ಉಳಿಯುವ ಆ ಸಣ್ಣ ಗುಂಯ್ಯೆನ್ನುವ ದನಿಯನ್ನು ತನ್ನ ಮನೆಯಲ್ಲಿ, ತನ್ನ ಕುರ್ಚಿಯಲ್ಲಿ ಕೂತು ಕೇಳಬೇಕು. ಅದಕ್ಕಾಗಿ ತಿಂಗಳುಗಟ್ಟಲೆ ಮೊಬೈಲಿನಲ್ಲಿ ವಿಡಿಯೋ ನೋಡಿ, ಯಾವ ಆಂಪ್ಲಿಫೈಯರಿಗೆ ಯಾವ ಸ್ಪೀಕರ್ ಹೊಂದುತ್ತದೆಂದು ಜಾತಕ ಕೂಡಿಸುವವರಂತೆ ಲೆಕ್ಕ ಹಾಕಿದ್ದ.

ಜಮಖಂಡಿಯ ಸ್ಪೀಕರ್ ಅಂಗಡಿಯಲ್ಲೊಂದು ಗಾಜಿನ ಕೋಣೆ. ಬಾಗಿಲು ಮುಚ್ಚಿದರೆ ಸ್ವಂತ ಉಸಿರೂ ಕೇಳುತ್ತಿತ್ತು. ಸಣ್ಣ ಸ್ಪೀಕರ್ ಜೋಡಿಯಲ್ಲಿ ಸಿತಾರು ಶುರುವಾದದ್ದೇ ವೀರೇಶನ ಕಣ್ಣು ತುಂಬಿ ಬಂದವು. ಮಲಕಾಜಪ್ಪ ಕಿವಿಗೆ ಕೈ ಹಚ್ಚಿ ಅಂಗಡಿಯವನನ್ನು ಕೇಳಿದರು, "ಇನ್ನಾ ಚಾಲೂ ಮಾಡಿಲ್ಲೇನ್ರಿ?"

ಎರಡು ಓಣಿ ಆಚೆ ಕೇಳದ್ದು ಸ್ಪೀಕರೇ ಅಲ್ಲವೆಂದು ಅವರ ವಾದ. ಮೂಲೆಯಲ್ಲಿದ್ದ ಆಳೆತ್ತರದ ಜೋಡಿಯ ಮುಂದೆ ನಿಂತು ಹಠ ಹಿಡಿದರು. ಅಂಗಡಿಯವನು ಅವರ ಪಕ್ಷ ಸೇರಿದ. ಚಹಾ ತಂದವನೂ ದೊಡ್ಡದೇ ಛಲೋ ಎಂದ. ತಾಯಿ ಶಂಕ್ರೆವ್ವ ಫೋನ್ ಮಾಡಿ, ಹಿರಿಯರ ಮಾತು ಮೀರಬೇಡ ಎಂದಳು.

ನೌಕರಿ, ಸ್ಕೂಟರು, ಮದುವೆಯ ಸೂಟು ಎಲ್ಲವನ್ನೂ ಇನ್ನೊಬ್ಬರ ಆಯ್ಕೆಗೆ ಬಿಟ್ಟವನು ವೀರೇಶ. ಈ ಸಲ ಅದೆಲ್ಲಿಂದ ಧೈರ್ಯ ಬಂತೋ.

"ಕಾಕಾ, ಕೇಳಾಂವ ನಾನು. ಈ ಸಣ್ಣೂನ ಒಯ್ತೇನ್ರಿ," ಎಂದುಬಿಟ್ಟ.

ಮಲಕಾಜಪ್ಪ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದರು. ವೀರೇಶ ಕುಸ್ತಿ ಗೆದ್ದವನ ಹಾಗೆ ಬೀಗುತ್ತ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಮನೆಯಲ್ಲಿ ವಯರು ಜೋಡಿಸಿ, ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದ. ಕೇಳಿದ್ದು ಖಟಕ್ ಖಟಕ್ ಖಟಕ್. ಗೋಡೆಯಾಚೆ ಮಲಕಾಜಪ್ಪನ ಮಗ್ಗಗಳು, ಎದುರಿಗೆ ಇನ್ನೊಬ್ಬರವು, ಹಿತ್ತಿಲಾಚೆ ಮತ್ತೊಬ್ಬರವು. ಹುಟ್ಟಿನಿಂದ ಅದರಲ್ಲೇ ಬೆಳೆದವನಿಗೆ ಅದೊಂದು ಸದ್ದೆಂಬುದೇ ಮರೆತುಹೋಗಿತ್ತು. ದನಿ ಪೂರಾ ಏರಿಸಿದ. ಸ್ಪೀಕರಿಗೆ ಕಿವಿ ಹಚ್ಚಿ ಕೂತ. ಹೆಂಡತಿ ವೈಶಾಲಿ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ಕೊನೆಗೆ ಬೇಸತ್ತು ಸಿತಾರು ನಿಲ್ಲಿಸಿದ. ಪಾಪ, ಅವನಿಗೆ ಅಳುವುದೊಂದು ಬಾಕಿ.

ಅಷ್ಟರಲ್ಲಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಎಂಥ ಶಾಂತಿ! ಅಡಿಗೆಮನೆಯಲ್ಲಿ ಶಂಕ್ರೆವ್ವ ಬಳೆ ಸರಿಸಿದ್ದೂ ಕೇಳಿತು. ವೀರೇಶ ಹಿಗ್ಗಿ ಗುಂಡಿ ಒತ್ತಿದ. ಮತ್ತೊಮ್ಮೆ ಒತ್ತಿದ. ತಲೆ ಎತ್ತಿ ನೋಡಿದರೆ ಫ್ಯಾನೂ ನಿಂತಿತ್ತು.

ಮುನಿಸು ಮರೆತ ಮಲಕಾಜಪ್ಪ ತಮ್ಮ ಕೆಲಸಗಾರರನ್ನೆಲ್ಲ ಕರೆದುಕೊಂಡು ಒಳಗೆ ಬಂದು ಚಾಪೆ ಹಾಸಿ ಕೂತರು.

"ಹಚ್ಚಪಾ ವೀರೇಶ. ಕರೆಂಟ್ ಬರೂದ್ರೊಳಗ ಒಂದೆರಡ ಹಾಡ ಕೇಳಿಬಿಡೂಣು."