ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಹನ್ನೆರಡು ವರ್ಷ ಡೊಂಬಿವಲಿಯ ಹೊಂಡಗಳಲ್ಲಿ ಕ್ಲಚ್ ತುಳಿದು ಗಾಡಿ ಓಡಿಸಿದವಳು ನಾನು. ಹೋದ ಜಾಗ, ದೂರ, ದಾರಿಯಲ್ಲಿ ಕೆಟ್ಟು ಬಂದ್ ಬಿದ್ದ ಸಲ, ಎಲ್ಲ ತಾರೀಕಿನ ಸಮೇತ ನೋಟ್‌ಬುಕ್ಕಿನಲ್ಲಿದೆ. ಕ್ಲಚ್ಚೇ ಇಲ್ಲದ ಆಟೊಮ್ಯಾಟಿಕ್ ಕೊಂಡ ಮೇಲೆ ಅದರ ಹಿಂದಿನ ಪುಟಗಳಲ್ಲಿ ಇನ್ನೊಂದು ದಾಖಲೆ ಶುರುವಾಯಿತು: ಯಾರು, ಯಾವಾಗ ನನಗೆ ಬುದ್ಧಿ ಹೇಳಿದರು ಎಂಬುದು. ವಾರಕ್ಕೊಬ್ಬರಾದರೂ ಸಿಗುತ್ತಾರೆ.

೧. ಥಾಣೆಯ ಶೋರೂಮ್

ಎಡ ಮೊಣಕಾಲು ನೋಡಿದ ಡಾಕ್ಟರು "ಕ್ಲಚ್ ತುಳಿಯುವುದು ಬಿಡಿ" ಎಂದರು. ನನ್ನವರು "ಡ್ರೈವಿಂಗೇ ಬಿಟ್ಟುಬಿಡು ಮಾರಾಯ್ತಿ" ಎಂದರು. ಬಿ.ಎಸ್ಸಿ. ಓದಿದವಳಿಗೆ ಎರಡರ ವ್ಯತ್ಯಾಸ ಗೊತ್ತಿಲ್ಲವೇ? ಅವರನ್ನೂ ಕರೆದುಕೊಂಡು ಸೀದಾ ಶೋರೂಮಿಗೆ ಹೋದೆ.

ಸೇಲ್ಸ್‌ಮನ್ ನನ್ನವರತ್ತ ತಿರುಗಿ, "ಲೇಡೀಸ್ ಕೇ ಲಿಯೇ ಬೆಸ್ಟ್ ಹೈ, ಸರ್" ಎಂದ. ಫ್ಲೈಓವರ್ ಏರಿನಲ್ಲಿ ನಿಂತರೆ ಹಿಂದಕ್ಕೆ ಜಾರುತ್ತದೆಯೇ ಎಂದು ನಾನು ಕೇಳಿದೆ, ಉತ್ತರ ಅವರಿಗೆ. ಮೈಲೇಜ್ ಕೇಳಿದೆ, ಉತ್ತರ ಅವರಿಗೇ. ಕೊನೆಗೆ ಫಾರ್ಮನ್ನೂ ಅವರ ಮುಂದೆಯೇ ಇಟ್ಟ.

"ಅವರು ಚೀಲ ಹಿಡಿಯಲು ಬಂದವರು. ಪೆನ್ನು ಇತ್ತ ಕೊಡಿ" ಎಂದೆ.

೨. ಗಾಡಿ ಪೂಜೆ

ಸೊಸೈಟಿಯ ಅಂಗಳದಲ್ಲಿ ಪೂಜೆ. "ಶುಭಕಾರ್ಯ, ಮೊದಲು ನಾನೇ ಕೂರ್ತೇನೆ" ಎಂದು ನನ್ನವರು ಸ್ಟೀರಿಂಗ್ ಹಿಡಿದರು. ಭಟ್ಟರು ಟೈರುಗಳಡಿ ನಿಂಬೆಹಣ್ಣಿಟ್ಟು, ಬಾನೆಟ್ ಮೇಲೆ ಕುಂಕುಮದ ತಟ್ಟೆಯಿಟ್ಟು, "ಒಂದೇ ಗೇಣು ಮುಂದೆ ತನ್ನಿ" ಎಂದರು.

"ಬ್ರೇಕಿನಿಂದ ಕಾಲು ತೆಗೆದರೆ ಅದಾಗಿಯೇ ಹೊರಡ್ತದೆ, ಜಾಗ್ರತೆ" ಎಂದೆ.

"ಮೂವತ್ತು ವರ್ಷದಿಂದ ಗಾಡಿ ಬಿಡ್ತಿದ್ದೇನೆ. ನನಗೆ ಕಲಿಸ್ಬೇಡ."

ಕಾಲು ತೆಗೆದರು. ಗಾಡಿ ಹೊರಟಿತು. ಗಾಬರಿಯಲ್ಲಿ ಅವರ ಎಡಗಾಲು, ಇಲ್ಲದ ಕ್ಲಚ್ ಹುಡುಕಿ, ಬ್ರೇಕನ್ನೇ ತುಳಿಯಿತು. ಗಾಡಿ ಗಕ್ಕನೆ ನಿಂತು ಕುಂಕುಮವೆಲ್ಲ ಭಟ್ಟರ ಬಿಳಿ ಪಂಚೆಯ ಮೇಲೆ.

ಭಟ್ಟರು ಪಂಚೆ ಕೊಡವುತ್ತ, "ಗಾಡಿಯ ಪೂಜೆ ಮುಗಿಯಿತು. ಯಜಮಾನರಿಗೆ ಬೇರೆ ಮಾಡಿಸಬೇಕು" ಎಂದರು.

೩. ಐರೋಲಿಯ ಮದುವೆ

ಆಮೇಲೆ ನನ್ನವರದು ಹೊಸ ರಾಗ: "ಇದು ಗಾಡಿಯಲ್ಲ, ಆಟಿಕೆ. ಮಾರಿ ಕ್ಲಚ್ ಇರೋದು ತರೋಣ." ಅಂದರೆ ನಾನು ಇನ್ನು ಜನ್ಮದಲ್ಲಿ ಗಾಡಿ ಓಡಿಸಬಾರದು! ಮೈದುನನೂ ಅಣ್ಣನ ಪಾರ್ಟಿ.

ಮದುವೆಗೆ, ಹೆಂಗಸು ಓಡಿಸಿದರೆ ನೆಂಟರ ಮುಂದೆ ಚೆನ್ನಾಗಿರುವುದಿಲ್ಲವೆಂದು, ನನ್ನವರೇ ಓಡಿಸಿದರು. ಊಟ ಮುಗಿಸಿ ಹೊರಡುವಾಗ ಗಾಡಿಯನ್ನು ಮದುವೆ ಹಾಲ್‌ನ ಬಾಗಿಲಿಗೆ ತಂದು, ಗೇರ್ ಲಿವರನ್ನು 'ಡಿ'ಯಲ್ಲೇ, ಅಂದರೆ ಡ್ರೈವ್‌ನಲ್ಲೇ ಬಿಟ್ಟು, ಇಂಜಿನ್ ಬಂದ್ ಮಾಡಿ ಮಾತಿಗೆ ನಿಂತರು. 'ಡಿ'ಯಲ್ಲಿದ್ದರೆ ಅದು ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಆಗಲಿಲ್ಲ.

"ನೋಡು, ಹೇಳಿರ್ಲಿಲ್ವಾ? ನಾಳೆಯೇ ಮಾರುವುದು!"

"ಬ್ಯಾಟರಿ ಡೌನ್ ಅಣ್ಣ, ಧಕ್ಕಾ ಕೊಟ್ರೆ ಆಗ್ತದೆ" ಎಂದ ಮೈದುನ.

"ಆ ಲಿವರ್..." ಎಂದು ಬಾಯಿ ತೆರೆದೆ.

"ಅತ್ತಿಗೆ, ನೀವು ಸುಮ್ಮನೆ ನಿಂತ್ಕೊಳ್ಳಿ. ಇದು ಗಂಡಸರ ಕೆಲಸ."

ಪಕ್ಕಕ್ಕೆ ಸರಿದು ನಿಂತೆ. ಹೊಟ್ಟೆ ತುಂಬ ಹೋಳಿಗೆ ತಿಂದ ಐದು ಮಂದಿ ಗಂಡಸರು ರೇಷ್ಮೆ ಪಂಚೆ ಎತ್ತಿ ಕಟ್ಟಿ ಹಾಲ್‌ನ ಸುತ್ತ ಎರಡು ಸುತ್ತು ತಳ್ಳಿದರು. ಆಟೊಮ್ಯಾಟಿಕ್ ಗಾಡಿ ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ. ಗಾಡಿಯ ಜೊತೆ ಕೊಟ್ಟ ಪುಸ್ತಕ ಓದಿದವಳು ನಾನೊಬ್ಬಳೇ.

ಎಲ್ಲರೂ ಏದುಸಿರು ಬಿಡುವಾಗ ಸ್ಟೀರಿಂಗ್ ಹಿಡಿದು ಕೂತಿದ್ದ ನನ್ನವರನ್ನು ಇಳಿಸಿ ನಾನು ಕೂತೆ. ಲಿವರನ್ನು 'ಪಿ'ಗೆ, ಅಂದರೆ ಪಾರ್ಕಿಂಗಿಗೆ ತಂದೆ, ಬ್ರೇಕ್ ಒತ್ತಿ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್.

ಮೈದುನ ಬೆವರು ಒರೆಸುತ್ತ, "ನೋಡಿದ್ರಾ ಅತ್ತಿಗೆ, ತಳ್ಳಿದ್ದಕ್ಕೇ ಆಯ್ತು!" ಎಂದ.

"ಹೌದಾ? ಹಾಗಾದ್ರೆ ಡೊಂಬಿವಲಿ ತನಕ ತಳ್ತಾ ಬನ್ನಿ" ಎಂದು ಗಾಡಿ ಬಿಟ್ಟೆ.

ಗೇಟಿನ ಬಳಿ ಕನ್ನಡಿಯಲ್ಲಿ ನೋಡಿದರೆ ನನ್ನವರು ಓಡಿ ಬರುತ್ತಿದ್ದಾರೆ. ನಿಲ್ಲಿಸಿ, ಗಾಜು ನಾಲ್ಕು ಬೆರಳು ಇಳಿಸಿದೆ.

"ಗಾಡಿ ಮಾರುವುದಿಲ್ಲ ಅಂತ ಹೇಳಿ, ಆಮೇಲೆ ಹತ್ತಿ."

"ಮಾರುವುದಿಲ್ಲ" ಎಂದರು ಮೆಲ್ಲಗೆ.

"ಗಟ್ಟಿಯಾಗಿ. ನಿಮ್ಮ ತಮ್ಮನಿಗೂ ಕೇಳಲಿ."