ಮೈದುನ ಪಾಸ್ ಮಾಡಿದ ಟೀವಿ

ನನ್ನ ಮೈದುನ ಹುಟ್ಟಿದಾರಭ್ಯ ಒಂದು ವಸ್ತುವನ್ನೂ ಕೊಂಡವನಲ್ಲ ಎಂದರೆ ನೀವು ನಂಬುವುದಿಲ್ಲ. ಹಾಗೆಂದು ಅವನು ಜಿಪುಣನಲ್ಲ, ಸಂನ್ಯಾಸಿಯಂತೂ ಅಲ್ಲವೇ ಅಲ್ಲ. ಬೇರೆಯವರು ಕೊಳ್ಳುತ್ತಾರೆ; ಅವನು 'ಪಾಸ್' ಮಾಡುತ್ತಾನೆ! ಛತ್ರಿಯಾಗಲಿ, ಹೂಕೋಸಾಗಲಿ, ಬನಿಯನ್ನೇ ಆಗಲಿ, ಮೊದಲು ಉತ್ತರದ ಕಿಟಕಿಗೆ ಒಯ್ದು ಬೆಳಕಿಗೆ ಹಿಡಿಯಬೇಕು, ಮೂಸಬೇಕು, ಕಣ್ಣು ಕಿರಿದು ಮಾಡಬೇಕು. "ಹ್ಞೂಂ... ಪಾಸ್" ಎಂದ ಮೇಲೆಯೇ ಅದು ಮನೆಯ ವಸ್ತು. ಛತ್ರಿ ಯಾವುದೂ ಪಾಸಾಗದೆ, ಊಟಿಯಂಥ ಊರಿನಲ್ಲಿ ಎರಡು ಮಳೆಗಾಲ ನೆಂದ ಮಹಾನುಭಾವ ಇವನೊಬ್ಬನೇ ಇರಬೇಕು.

ತಪ್ಪು ಅವನದಲ್ಲ, ಅವನ ಪ್ರೊಫೆಶನ್ನಿನದು. ಊಟಿಯಾಚೆ ಮಂಜೂರಿನ ಕಡೆಯ ಟೀ ಫ್ಯಾಕ್ಟರಿಗಳಿಗೆ ಮೂವತ್ತೈದು ವರ್ಷ ಟೀ ಟೇಸ್ಟರ್ ಆಗಿದ್ದವನು. ಸಾಲಾಗಿ ಬಿಳಿ ಬಟ್ಟಲು. ಚಮಚದಲ್ಲಿ ಎತ್ತಿ 'ಸುರ್ರ್' ಎಂದು ಎಳೆಯುವುದು, ಬಾಯಲ್ಲೆಲ್ಲ ಸುತ್ತಿಸುವುದು, ಡಬ್ಬಕ್ಕೆ ಪಿಚಕ್ಕನೆ ಉಗಿಯುವುದು, ಕೊನೆಗೊಂದು ತೀರ್ಪು. "ಬ್ರಿಸ್ಕ್." "ಥಿನ್." ಅತಿಯಾಗಿ ಬೆಂದು ಕಂಪು ಸತ್ತಿದ್ದರೆ "ಸ್ಟ್ಯೂವಿ." ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಎಂಟು ವರ್ಷ ತಿದ್ದಿ ತೀಡಿ ಕಲಿಸಿದ್ದೇನು? ಲೇಡೀಸ್ ಡು ನಾಟ್ ಸ್ಲರ್ಪ್! ನಾನು ಮದುವೆಯಾಗಿ ಬಂದದ್ದೆಲ್ಲಿಗೆ? ಸ್ಲರ್ಪ್ ಮಾಡಿ ಸಂಬಳ ತರುವವನ ಮನೆಗೆ!

ಎಲೆ ಚೆನ್ನಾಗಿದ್ದರೆ ಸಾಲದು ಎನ್ನುವುದು ಅವನ ಸಿದ್ಧಾಂತ. "ಕುಡಿಯೋರ ನೀರಲ್ಲೇ ನೋಡ್ಬೇಕು ಅತ್ತಿಗೆ. ನಮ್ಮ ಬೆಟ್ಟದ ನೀರಲ್ಲಿ ಯಾವ ಟೀ ತಾನೇ ಚೆನ್ನಾಗಿರಲ್ಲ?" ಯಾವ ಊರಿಗೆ ಆ ಟೀ ಹೋಗುತ್ತದೋ ಆ ಊರಿನ ನೀರನ್ನು ಲಾರಿ ಡ್ರೈವರುಗಳ ಕೈಯಲ್ಲಿ ಕ್ಯಾನಿನಲ್ಲಿ ತರಿಸುತ್ತಿದ್ದ. ರಜೆಯ ದಿನವೂ ಅಭ್ಯಾಸ ತಪ್ಪಬಾರದೆಂದು ಆ ಕ್ಯಾನುಗಳು ನನ್ನ ಅಡುಗೆಮನೆಗೂ ಬಂದವು. ಒಂದು ದಿನ ಗೊತ್ತಿಲ್ಲದೆ ಅದರಲ್ಲೊಂದರ ನೀರಿಗೆ ಬೇಳೆ ಹಾಕಿದೆ. ಎಂಥ ಗಡಸು ನೀರೋ ಏನೋ, ಮೂರು ಗಂಟೆ ಕುದಿಸಿದರೂ ಬೇಳೆ ಬೇಳೆಯಾಗಿಯೇ ಉಳಿಯಿತು. ಅತಿಥಿಗಳು ಅಂದು ಸಾರನ್ನು ಅಗಿದು ಊಟ ಮಾಡಿದರು!

ಇನ್ನು ಅವನ ಮದುವೆಯ ವಿಷಯ. ನನ್ನವರೂ ನಾನೂ ಅವನನ್ನು ಕರೆದುಕೊಂಡು ಮೈಸೂರಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಲಕ್ಷಣವಾಗಿದ್ದಳು. ಊಟಿಯ ವರನೆಂದು ಕಾಫಿ ಬಿಟ್ಟು ಟೀ ಮಾಡಿ ತಾನೇ ತಂದುಕೊಟ್ಟಳು, ಪಾಪ. ಇವನು ಲೋಟ ಹಿಡಿದು ಎದ್ದ. ಕಿಟಕಿಗೆ ಹೋದ. 'ಸುರ್ರ್!' ಬಾಯಲ್ಲಿ ಸುತ್ತಿಸಿದ. ಕಿಟಕಿಯಾಚೆಯ ದಾಸವಾಳದ ಕುಂಡಕ್ಕೆ ಉಗಿದ. ಆಮೇಲೆ ಭಾವೀ ಮಾವನವರ ಕಡೆ ತಿರುಗಿ, ಬಹಳ ವಿನಯದಿಂದ, "ಸ್ವಲ್ಪ ಸ್ಟ್ಯೂವಿ" ಎಂದ.

ಅವನು ಬ್ರಹ್ಮಚಾರಿಯಾಗಿ ಉಳಿದದ್ದು ವೈರಾಗ್ಯದಿಂದಲ್ಲ ಎಂದು ಈಗ ನಿಮಗೆ ತಿಳಿದಿರಬೇಕು.

ಇಂಥವನು ನಮ್ಮ ಮನೆಗೊಂದು ದೊಡ್ಡ ಟೀವಿ ಪಾಸ್ ಮಾಡಬೇಕಾಗಿ ಬಂತು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿದ್ದ ಕಾಲ. ನನ್ನವರು ತೀರಿಕೊಂಡಿದ್ದರು, ಮನೆಯಲ್ಲಿ ನಾನು, ಅವನು, ಒಂದು ಹದಿನಾಲ್ಕು ಇಂಚಿನ ಟೀವಿ. ಸಂಜೆಯಾದರೆ ಪಕ್ಕದ ಹಟ್ಟಿಯ ಮಾದಿ ತನ್ನ ತುಂಡು ತೋಟದ ಎಲೆ ಕೊಯ್ದು, ತೂಕಕ್ಕೆ ಹಾಕಿ, ಸೀರಿಯಲ್ ನೋಡಲು ಬರುತ್ತಿದ್ದಳು.

ನನ್ನ ಎಡಗಣ್ಣು ಅಷ್ಟರಲ್ಲೇ ಅಂಗಡಿ ಮುಚ್ಚಿತ್ತು. ಬಲಗಣ್ಣಿನ ಬಗ್ಗೆ ಕೊಯಮತ್ತೂರಿನ ಡಾಕ್ಟರು, "ಇದು ಹೀಗೇ ನಿಂತರೂ ನಿಲ್ಲಬಹುದು, ಲೆಟ್ ಅಸ್ ಹೋಪ್" ಎಂದಿದ್ದರು. ಡಾಕ್ಟರ ಬಾಯಲ್ಲಿ ಹೋಪ್ ಎಂಬ ಮಾತು ಬಂದರೆ ನಾವು ಹೆದರಬೇಕು, ಅಲ್ಲವೇ? ಟೀವಿಯಲ್ಲಿ ಮುಖಗಳಿರಬೇಕಾದ ಜಾಗದಲ್ಲಿ ನನಗೆ ಬರಿಯ ಮಂಜು. ಯಾರಿಗೂ ಹೇಳಲಿಲ್ಲ. ದನಿ ಕೇಳಿಯೇ ನಗುವ ಕಡೆ ನಕ್ಕು, ಅಳುವ ಕಡೆ ಸೆರಗು ಹಿಡಿದು ಮಾನ ಉಳಿಸಿಕೊಂಡಿದ್ದೆ. ಒಂದು ಸಂಜೆ ಸದ್ದು ಸಣ್ಣದಾಗಿತ್ತು. ನ್ಯೂಸ್ ನಡೆಯುತ್ತಿತ್ತು. ಸುಮ್ಮನಿರಲಾರದೆ, "ಎಷ್ಟು ಲವ್ಲಿ ಸೀರೆ ಉಟ್ಟಿದ್ದಾಳೆ!" ಎಂದುಬಿಟ್ಟೆ.

"ಅಯ್ಯಯ್ಯೋ ಅಕ್ಕ, ಅದು ಗಂಡಾಳು ತಾನೇ! ಟೈ ಕಟ್ಟಿಯಿದ್ದಾನೆ!" ಎಂದಳು ಮಾದಿ.

ಅವಳು ನಕ್ಕಳು. ನಾನೂ ನಕ್ಕೆ. ಮೈದುನ ನಗಲಿಲ್ಲ. ಮಾರನೆಯ ಬೆಳಿಗ್ಗೆ, "ಅತ್ತಿಗೆ, ದೊಡ್ಡ ಟೀವಿ ತಗೋಬೇಕು" ಎಂದ.

ನನಗೆ ಸಂತೋಷವಾಯಿತೆ? ಅರ್ಧ. ಇಷ್ಟು ದಿನ ಟೀವಿ ಚಿಕ್ಕದು ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ದೊಡ್ಡದು ಬಂದು ಅದರಲ್ಲೂ ಮುಖಗಳು ಕಾಣದಿದ್ದರೆ? ಆಮೇಲೆ ಯಾರನ್ನು ಬೈಯಲಿ?

ಮೊದಲ ಸಲ ಇಬ್ಬರೂ ಹೋದೆವು. ಊಟಿ ಮಾರ್ಕೆಟ್ಟಿನ ಹತ್ತಿರದ ಅಂಗಡಿ. ಬೆಳಿಗ್ಗೆ ಹತ್ತಕ್ಕೇ ಹೋಗಬೇಕು, ಬೆಳಕು ಆಗಲೇ ಸರಿ! ಟೇಸ್ಟಿಂಗಿನ ಹಿಂದಿನ ದಿನ ಬೆಳ್ಳುಳ್ಳಿ ತಿನ್ನದವನು ಈಗ ಎರಡು ವಾರ ಟೀವಿಯನ್ನೇ ನೋಡಿರಲಿಲ್ಲ, ಕಣ್ಣು ಶುದ್ಧವಾಗಿರಲೆಂದು. ಆರು ಟೀವಿಗಳನ್ನು ಬಟ್ಟಲುಗಳ ಹಾಗೆ ಸಾಲಾಗಿ ಇರಿಸಿದ. ಎಲ್ಲದರಲ್ಲೂ ಒಂದೇ ಚಾನೆಲ್ ಹಾಕಿಸಿದ. ಹೆಸರು ನೋಡಿ ಮನಸ್ಸು ಕೆಡಬಾರದೆಂದು ಕಂಪನಿಯ ಗುರುತಿನ ಮೇಲೆಲ್ಲ ಪೇಪರಿನ ಚೂರು ಅಂಟಿಸಿದ. ಒಂದು ಟೀವಿ ನೋಡುವುದು, ಜೇಬಿನಿಂದ ಟೀ ಗಿಡದ ಚಿಗುರೊಂದನ್ನು ತೆಗೆದು ದಿಟ್ಟಿಸುವುದು, ಇನ್ನೊಂದು ಟೀವಿ ನೋಡುವುದು.

"ಪೆರಿಯವರೇ, ಆ ಸೊಪ್ಪು ಏನಕ್ಕೆ?" ಎಂದ ಅಂಗಡಿಯವನು, ತಮಿಳು ಬೆರೆತ ಕನ್ನಡದಲ್ಲಿ.

"ಮಧ್ಯೆ ಮಧ್ಯೆ ಕಣ್ಣು ತೊಳೆಯೋದಕ್ಕೆ."

ಅಂಗಡಿಯವನು ನನ್ನ ಕಡೆ ತಿರುಗಿ, "ಅಮ್ಮಾ, ನೀವು ಹೇಳಿ, ಪಿಕ್ಚರ್ ಎಪ್ಪಡಿ?" ಎಂದ. ನಾನು ಒಂದನ್ನೂ ನೋಡಿರಲಿಲ್ಲ. ನೋಡಿದರೆ ತಿಳಿದುಬಿಡುತ್ತದಲ್ಲ! ನೆಲದ ಟೈಲ್ಸಿನ ಮೇಲೆ ದೃಷ್ಟಿ ನೆಟ್ಟು, "ವೆರಿ ನೈಸ್" ಎಂದೆ. ಮೈದುನ ಚಿಗುರು ಕೆಳಗಿಳಿಸಿ ನನ್ನನ್ನೇ ಒಂದು ಗಳಿಗೆ ನೋಡಿದ.

ಮರುದಿನವೇ ಆಜ್ಞೆಯಾಯಿತು. "ಇನ್ಮೇಲೆ ನೀವು ಬರೋದು ಬೇಡ ಅತ್ತಿಗೆ. ನಿಮಗೆ ಕುರ್ಚಿ ಹಾಕಿ ಹರಟೆ ಹೊಡೀತಾರೆ, ನನ್ನ ಕಾನ್ಸಂಟ್ರೇಶನ್ ಹಾಳು." ಹೋಗಯ್ಯಾ ಎಂದೆ. ಒಳಗೊಳಗೇ ಬದುಕಿದೆ ಎಂದುಕೊಂಡೆ.

ಅದೇ ವಾರ ನನ್ನ ಹಳೆಯ ಕನ್ನಡಕ ಕಾಣೆಯಾಯಿತು. ಹೊಸದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಅಡುಗೆಮನೆಗೆಂದು ಕಿಟಕಿಯಲ್ಲಿ ಇಟ್ಟಿದ್ದೆ. ಕಳ್ಳ ಯಾರೆಂದು ಕೇಳಬೇಕೆ? ಬಾಲ ಅರ್ಧ ತುಂಡಾದ ಒಂದು ಗಡವ ಕೋತಿ ನಮ್ಮ ಮಾಡಿನ ಮೇಲೆ ಬೀಡುಬಿಟ್ಟಿತ್ತು. ಅವತ್ತಿನಿಂದ ದಿನಾ ಬೆಳಿಗ್ಗೆ ಕಿಟಕಿ ತೆರೆದು ಇಂಗ್ಲಿಷಿನಲ್ಲೇ ಅದನ್ನು ಬೈದೆ: "ಯೂ ಶೇಮ್‌ಲೆಸ್ ಥೀಫ್!" ಅದು ಮೈ ಕೆರೆದುಕೊಳ್ಳುತ್ತಾ ಕೇಳಿಸಿಕೊಳ್ಳುತ್ತಿತ್ತು.

ಆಮೇಲೆ ಗೂಡಲೂರಿನಲ್ಲಿ ಇನ್ನೂ ಒಳ್ಳೆಯ ಟೀವಿಗಳಿವೆಯೆಂದು ಬಸ್ಸು ಹತ್ತಿ ಅಲ್ಲಿಗೆ ಹೋದ. ಸಂಜೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ನಡುವಟ್ಟಂ ಹತ್ತಿರ ಬಸ್ಸು ನಿಲ್ಲಿಸಿ ವಾಂತಿ ಮಾಡಿಕೊಂಡನಂತೆ! ಮೂವತ್ತೈದು ವರ್ಷ ಜೀಪಿನಲ್ಲಿ ಈ ಬೆಟ್ಟದ ತಿರುವುಗಳನ್ನೆಲ್ಲ ಸುತ್ತಿದವನಿಗೆ ತಲೆಸುತ್ತೆ?

"ಏನಾಯ್ತಯ್ಯಾ?"

"ಫೇಲ್."

"ಬಸ್ಸೋ?"

"ಟೀವಿ. ಆ ಅಂಗಡಿಯ ಮಲಯಾಳಿ ಚೇಟ್ಟ 'ಫ್ಲಾಟ್ ಆಣು ಸಾರೇ, ಫುಲ್ ಫ್ಲಾಟ್' ಅಂತ ಹೊಗಳ್ತಾನೆ. ಫ್ಲಾಟ್ ಅಂದ್ರೆ ನಮ್ಮಲ್ಲಿ ಜೀವ ಹೋದ ಟೀ. ಅದನ್ನ ಹೊಗಳ್ಕೊಂಡು ಮಾರ್ತಾರಾ?" ಎಂದು ಹಣೆ ಒತ್ತಿಕೊಂಡು ಮಲಗಿದ.

ಮುಂದಿನ ವಾರ ಮತ್ತೆ ಊಟಿಯ ಅಂಗಡಿ. ಬಂದಾಗ ಹಣೆಯ ಮೇಲೆ ನಿಂಬೆಗಾತ್ರದ ಬೋರೆ. ಕೇಳಿದರೆ, "ಅಂಗಡಿಯ ಕಂಬ ಅಡ್ಡ ಬಂತು." ಕಂಬ ಅಡ್ಡ ಬರುತ್ತದೆಯೆ? ಮತ್ತೊಂದು ವಾರ, ಮತ್ತೊಂದು ತಲೆನೋವು. ಮಾದಿಗೆ ತಾಳ್ಮೆ ಕೆಟ್ಟಿತು. "ಸೀರಿಯಲ್ಲಿ ಆ ಹೆಣ್ಣಿಗೆ ಮದುವೆ ಆಗಿ ಮಗೂನೂ ಆಯ್ತು. ನಿಮ್ಮ ಟೀವಿ ಇನ್ನೂ ಬರ್ಲಿಲ್ಲೆ!" ಎಂದಳು. ನಾನು ಅವನನ್ನು ಎಲ್ಲರೆದುರೂ ಬೈಯುತ್ತಿದ್ದೆ. ನಿಜ ಹೇಳಲೆ? ಅವನು 'ಫೇಲ್' ಎಂದ ಪ್ರತಿಸಲವೂ ನನಗೆ ಒಂದು ವಾರದ ಜಾಮೀನು ಸಿಕ್ಕಿದಂತಾಗುತ್ತಿತ್ತು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲೇ ನಿಂತು ಕೂಗಿದ: "ಪಾಸ್!" ಯಾವುದು ಪಾಸಾದದ್ದು? ಮೊದಲ ದಿನ, ಮೊದಲ ಅಂಗಡಿಯಲ್ಲಿ, ಸಾಲಿನಲ್ಲಿ ಮೂರನೆಯದಾಗಿದ್ದ ಇಪ್ಪತ್ತೊಂಬತ್ತು ಇಂಚಿನ ಟೀವಿ!

ನಮ್ಮ ಮನೆ ರಸ್ತೆಯಿಂದ ನಲವತ್ತು ಮೆಟ್ಟಿಲು ಕೆಳಗೆ. ಅಂಗಡಿಯವನೇ ಜೀಪಿನಲ್ಲಿ ತಂದ. ಆನೆಮರಿಯಂಥ ಭಾರ. ಮಾದಿಯ ಹಟ್ಟಿಯ ನಾಲ್ವರು ಕಂಬಳಿಯಲ್ಲಿ ಕಟ್ಟಿ ಇಳಿಸಿದರು. ಮೈದುನ ಅವರ ಮುಂದೆ ಹಿಮ್ಮುಖವಾಗಿ ಮೆಟ್ಟಿಲಿಳಿಯುತ್ತಾ, "ಅಲುಗಿಸ್ಬೇಡಿ, ಕದಡಿಬಿಡುತ್ತೆ!" ಎಂದು ಅರಚುತ್ತಿದ್ದ.

ಟೀವಿಯನ್ನು ಮೂಲೆಯಲ್ಲಿಟ್ಟು, ನನ್ನ ಕುರ್ಚಿಯನ್ನು ತಾನೇ ಹೆಜ್ಜೆ ಅಳೆದು ಹಾಕಿದ. ನ್ಯೂಸಿನ ಹೊತ್ತು. ನಾನು ಕಣ್ಣು ಮುಚ್ಚಿ ಕುಳಿತೆ. ಕಾನ್ವೆಂಟು ಬಿಟ್ಟ ಮೇಲೆ ಮರೆತಿದ್ದ ಇಂಗ್ಲಿಷ್ ಪ್ರಾರ್ಥನೆಯೊಂದು, ನಮ್ಮ ದೇವರು ಕೋಪಿಸಿಕೊಳ್ಳದಿರಲಿ, ತಾನಾಗಿ ಬಾಯಿಗೆ ಬಂತು. ಕಣ್ಣು ತೆರೆದೆ.

ಮೊದಲು ಮಂಜು. ಆಮೇಲೆ ಮಂಜಿನೊಳಗಿಂದ ಒಂದು ಮೂಗು. ಮೂಗಿನ ಮೇಲೊಂದು ಚುಕ್ಕಿ ಹೊಳೆಯಿತು.

"ಮಾದಿ! ಇವಳು... ಇವಳಿಗೆ ಮೂಗುಬೊಟ್ಟು ಇದೆಯಲ್ವಾ? ಹೆಣ್ಣು ತಾನೇ ಇವಳು?"

"ಹೆಣ್ಣೇ ಅಕ್ಕ. ನಿಜವಾದ ಹೆಣ್ಣು!"

ಎಷ್ಟೋ ತಿಂಗಳಿಂದ ಕಿವಿಯವರೆಗೆ ಏರಿ ಕುಳಿತಿದ್ದ ನನ್ನ ಭುಜಗಳು ಕೆಳಗಿಳಿದವು. ಮೈದುನನ ಕಡೆ ನೋಡಿದೆ. ಅವನು ಟೀವಿ ನೋಡುತ್ತಲೇ ಇರಲಿಲ್ಲ. ಬಟ್ಟಲನ್ನು ನೋಡುವ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದ. ಕೂಡಲೇ ಎದ್ದು, ಪ್ಲಗ್ ಸರಿಮಾಡುವ ನೆಪದಲ್ಲಿ ಟೀವಿಯ ಹಿಂದೆ ಹೋದ.

ಹೊರಡುವಾಗ ಅಂಗಡಿಯವನು ಜೇಬಿನಿಂದ ಏನನ್ನೋ ತೆಗೆದು ನನ್ನ ಕೈಗಿಟ್ಟ. "ಪೆರಿಯವರು ಅಂಗಡೀಲಿ ಮರ್ತು ಬಂದಿದ್ರು ಅಮ್ಮಾ. ಎರಡು ತಿಂಗಳೂ ಇದನ್ನ ಹಾಕಿ, ಎಡಗಣ್ಣು ಕೈಯಲ್ಲಿ ಮುಚ್ಚಿ, ಅಷ್ಟು ದೂರ ಕೂತು ನೋಡೋದು. ಬೇಡಾಂತ ಹೇಳಿದ್ರೆ ಕೇಳಲ್ಲ. ಒಂದಿನ ಹಾಗೇ ಎದ್ದು ಹೋಗಿ ಕಂಬಕ್ಕೆ ಹೊಡ್ಕೊಂಡ್ರು, ಪಾವಂ."

ನನ್ನ ಹಳೆಯ ಕನ್ನಡಕ!

ನಡುವಟ್ಟಂನ ವಾಂತಿ, ಹಣೆಯ ಬೋರೆ, ವಾರವಾರದ ತಲೆನೋವು ಎಲ್ಲ ಒಟ್ಟಿಗೆ ನನ್ನ ಮಡಿಲಿಗೆ ಬಿದ್ದ ಹಾಗಾಯಿತು. "ಅಲ್ಲಯ್ಯಾ," ಎಂದೆ ಟೀವಿಯ ಹಿಂದೆ ಅಡಗಿದ್ದವನಿಗೆ, "ನನ್ನ ಕನ್ನಡಕ ಹಾಕಿಬಿಟ್ಟರೆ ನನಗೆ ಕಾಣೋ ಹಾಗೆ ನಿನಗೆ ಕಾಣುತ್ತಾ? ಸೈನ್ಸ್ ಅಂತ ಒಂದಿದೆ, ಕೇಳಿದ್ದೀಯಾ?"

ಹಿಂದಿನಿಂದ ತಲೆಯಷ್ಟೇ ಮೇಲೆ ಬಂತು. ಬೋರೆಯ ಗುರುತು ಇನ್ನೂ ಇತ್ತು. ಅದೂ ನನಗೆ ಕಂಡಿತು.

"ಸೈನ್ಸ್ ನನಗೆ ಗೊತ್ತಿಲ್ಲ ಅತ್ತಿಗೆ. ಕುಡಿಯೋರ ನೀರಲ್ಲೇ ಅಲ್ವಾ ನೋಡ್ಬೇಕು?"

ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟೆ. ಕಿಟಕಿಯಾಚೆ ಅರ್ಧ ಬಾಲದ ನಿರಪರಾಧಿ ಕುಳಿತಿತ್ತು. ಎರಡು ಬಾಳೆಹಣ್ಣು ಇಟ್ಟು "ಸಾರಿ" ಎಂದೆ. ಅಲ್ಲೇ ನಿಂತು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಟೀ ಹೆಚ್ಚೇ ಕುದಿದುಹೋಯಿತು. ತಂದುಕೊಟ್ಟೆ. ಅವನು ಲೋಟ ಹಿಡಿದು ಕಿಟಕಿಗೆ ಹೋದ, 'ಸುರ್ರ್' ಎಂದು ಎಳೆದ, ಬಾಯಲ್ಲಿ ಸುತ್ತಿಸಿದ. ಉಗಿಯಲಿಲ್ಲ. ನುಂಗಿದ.