ಟೂಮಿ ಸತ್ತ ಮಧ್ಯಾಹ್ನ

ಡೆಲಿಯಾಳನ್ನು ಮದುವೆಯಾದ ದಿನ, ಚರ್ಚಿನ ಬಾಗಿಲಲ್ಲೇ ನಿಂತು, ಡೆನಿಸ್ ಟೂಮಿ ತನ್ನ ಅತ್ತೆಗೊಂದು ಮಾತು ಕೊಟ್ಟಿದ್ದ.

"ಅತ್ತೆ, ನಾನು ಸಾಯೋದ್ರೊಳಗೆ ನಿಮ್ಮನ್ನ ಒಂದ್ಸಲ ನಗಿಸ್ತೀನಿ. ಒಂದೇ ಒಂದ್ಸಲ. ಬೇಕಾದ್ರೆ ಬರೆದಿಟ್ಕೊಳ್ಳಿ."

"ನಂಗೆ ಬರೆಯೋಕೆ ಬರಲ್ಲ," ಎಂದಿದ್ದಳು ಹನೋರಾ ಅತ್ತೆ. "ನೆನಪಿಟ್ಕೋತೀನಿ."

ಅದಾಗಿ ಇಪ್ಪತ್ತೊಂದು ವರ್ಷ. ಅಷ್ಟು ವರ್ಷವೂ ಟೂಮಿ ಬಿದ್ದೇ ಬದುಕಿದ. ನ್ಯೂಯಾರ್ಕಿನಿಂದ ಒಮಾಹಾದವರೆಗೆ ವಾಡೆವಿಲ್ ಎಂಬ ಹಾಡು, ಕುಣಿತ, ಹಾಸ್ಯದ ಬೆರಕೆ ಆಟ ನಡೆಯುವ ಊರುಗಳಲ್ಲೆಲ್ಲ, ನಾಯಿಗಳ ಕುಣಿತ ಮುಗಿದು ಹಾಡುವವಳು ಬರುವ ನಡುವಿನ ಹನ್ನೆರಡು ನಿಮಿಷ ಅವನದು. ಹೋಟೆಲ್ ಮಾಣಿಯ ವೇಷದಲ್ಲಿ ಇಪ್ಪತ್ತು ತಟ್ಟೆ ಹೊತ್ತು ಬಂದು, ಹದಿನಾಲ್ಕು ಮೆಟ್ಟಿಲಿನ ಮೇಲಿಂದ ಮೂಟೆಯ ಹಾಗೆ ಉರುಳುತ್ತಿದ್ದ. ತಟ್ಟೆಗಳೆಲ್ಲ ಚೂರಾದ ಮೇಲೂ ಅವನ ಎಡಗೈಯಲ್ಲಿ ಒಂದು ಕಪ್ ಕಾಫಿ ಹನಿಯೂ ತುಳುಕದೆ ಉಳಿದಿರುತ್ತಿತ್ತು. ದಿನಕ್ಕೆ ಎರಡು ಸಲ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅತ್ತೆ ಒಂದೇ ಸಲ ಬಂದಿದ್ದಳು. ಆಟ ಮುಗಿದ ಮೇಲೆ ಅವಳು ಕೇಳಿದ್ದು ಇಷ್ಟು: "ಅಷ್ಟು ತಟ್ಟೆ ಒಡೆದ್ಯಲ್ಲ, ಗುಡಿಸೋರು ಯಾರು?"

ಅವಳನ್ನು ದೂರುವಂತಿಲ್ಲ. ಹತ್ತನೇ ಅವೆನ್ಯೂದಲ್ಲಿ ಯಾರು ಸತ್ತರೂ ಹೆಣ ತೊಳೆದು, ಒಳ್ಳೆಯ ಬಟ್ಟೆ ತೊಡಿಸಿ, ಕಣ್ಣು ಮುಚ್ಚಿ, ದವಡೆ ಕಟ್ಟಿ ಅಚ್ಚುಕಟ್ಟಾಗಿ ಮಲಗಿಸುವುದು ಅವಳ ಕೆಲಸ. ನಲವತ್ತು ವರ್ಷ ಸಾವಿನ ಮನೆಗಳಲ್ಲಿ ತಿರುಗಿದ ಮುಖ. ಆ ಮುಖ ನೋಡಿ ಹಾಲು ತಾನಾಗಿ ಮೊಸರಾಗುತ್ತದೆ ಎಂದು ಕೇರಿಯವರು ಹೇಳುತ್ತಿದ್ದರು.

ನಲವತ್ತನಾಲ್ಕು ತುಂಬುವಾಗ ಟೂಮಿಯ ಬಲಮಂಡಿ ಕೈಕೊಟ್ಟಿತು. "ಇನ್ನೊಂದು ಚಳಿಗಾಲ ಹೀಗೆ ಉರುಳಿದ್ರೆ ಕೋಲು ಹಿಡೀತೀಯ, ಮುಂದಿನದ್ದಕ್ಕೆ ಗಾಲಿಕುರ್ಚಿ," ಎಂದ ಡಾಕ್ಟರು. ಟೂಮಿಗೆ ಬೀಳುವುದು ಬಿಟ್ಟರೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ನಿಂತುಕೊಂಡೇ ಮಾಡಬಹುದಾದ ನಟನೆ ಎಂದರೆ ಗಂಭೀರ ನಾಟಕವೊಂದೇ. ಹದಿನೆಂಟು ಬಾಗಿಲು ತಟ್ಟಿದ. ಹದಿನೇಳು ಕಡೆ ಅವನ ಹೆಸರು ಕೇಳಿಯೇ ನಕ್ಕು ಕಳಿಸಿದರು. ಹದಿನೆಂಟನೆಯವನು ಬ್ರ್ಯಾಂಡ್, ಒಂದು ನಾಟಕ ಕಂಪನಿಯ ಮಾಲೀಕ. ಅವನು ನಗಲಿಲ್ಲ. ಕಡಲ ದಂಡೆಯ ದೀಪಸ್ತಂಭ ಕಾಯುವ ಮುದುಕನ ಪಾತ್ರ ಕೊಟ್ಟ. ಮಗನ ದೋಣಿ ಮುಳುಗಿದ ದುಃಖದಲ್ಲಿ ಮೂರನೇ ಅಂಕದಲ್ಲಿ ಸಾಯುವ ಪಾತ್ರ.

"ಗುರುವಾರ ಮಧ್ಯಾಹ್ನ ಒಂದು ಪರೀಕ್ಷೆ ಆಟ," ಎಂದ ಬ್ರ್ಯಾಂಡ್. "ಜನ ಅತ್ತರೆ ಪಾತ್ರ ನಿಮ್ಮದು. ಒಂದು ನಗು ಕೇಳಿಸಿದ್ರೂ ಶುಕ್ರವಾರದಿಂದ ಬೇರೆಯವರದು."

ತೊಂದರೆ ಶುರುವಾದದ್ದು ಆ ಗುರುವಾರ ಬೆಳಿಗ್ಗೆ, ಗಂಜಿಯ ಬಟ್ಟಲ ಮುಂದೆ. ಟೂಮಿ ದಂಪತಿ ಇದ್ದದ್ದು ವಾಡೆವಿಲ್‌ನವರೇ ತುಂಬಿಕೊಂಡಿದ್ದ ವಠಾರದಂಥ ಮನೆಯಲ್ಲಿ. ಊಟದ ಮೇಜು ಎಲ್ಲರಿಗೂ ಒಂದೇ.

"ಡೆನಿಸ್, ಒಂದು ಒಳ್ಳೇ ಕೆಲಸ ಮಾಡಿದೀನಿ," ಎಂದಳು ಡೆಲಿಯಾ. "ನಿನ್ನ ನಾಟಕದ ಪಾಸುಗಳನ್ನ ಮನೆಯವ್ರಿಗೆಲ್ಲ ಹಂಚ್ಬಿಟ್ಟೆ. ಮುಂದಿನ ಸಾಲು ಪೂರ್ತಿ ನಮ್ಮವ್ರೇ."

ಟೂಮಿಯ ಚಮಚ ಗಂಜಿಯೊಳಗೆ ಮುಳುಗಿತು.

ಎದುರಿಗೆ ಕೂತಿದ್ದವರು ಇಬ್ಬರು. ಒಬ್ಬ ಓಟೋ ಕೆಮ್ಲರ್; ತುಟಿ ಅಲುಗಿಸದೆ ಗೊಂಬೆಯನ್ನು ಮಾತಾಡಿಸುವವನು, ತಿಂಡಿಗೂ ಗೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಬರುವವನು. ಇನ್ನೊಬ್ಬಳು ಹಾಡುವ ಮೇಬಲ್. ಮೇಬಲ್ ನಕ್ಕರೆ ಬಾಲ್ಕನಿಯಲ್ಲಿದ್ದವರೂ ಕಾರಣ ಕೇಳದೆ ನಗುತ್ತಿದ್ದರು.

"ಹೆದರ್ಬೇಡ ಮಾರಾಯ," ಎಂದ ಓಟೋ. "ನಾವೂ ರಂಗದವ್ರೇ ಅಲ್ವಾ? ಅಳೋ ಜಾಗದಲ್ಲಿ ಅಳ್ತೀವಿ."

"ಬೀಳೋ ಜಾಗ ಯಾವ್ದು?" ಎಂದಿತು ಗೊಂಬೆ.

ಮೇಬಲ್ ಬಾಯಲ್ಲಿದ್ದ ಚಹಾ ಮೇಜಿನ ಮೇಲೆ ಬಂತು.

"ನೋಡಿ, ಈಗ್ಲೇ ಒಂದು ಪರೀಕ್ಷೆ," ಎಂದು ಟೂಮಿ ಎದ್ದು ನಿಂತ. ಎದೆಯ ಮೇಲೆ ಕೈಯಿಟ್ಟು, ಸಾಯುವ ಹೊತ್ತಿನ ಮಾತು ಹೇಳಿದ: "ದೀಪ ಆರಿಸಬೇಡ ಮಗಳೇ. ಅವನ ದೋಣಿ ಬರುತ್ತಿದೆ."

ಯಾರೂ ಅವನ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವನ ಕಾಲಿನ ಮೇಲಿತ್ತು. ಮೇಬಲ್ ಉಸಿರು ಬಿಗಿಹಿಡಿದು ಕೆಂಪಾದಳು, ನೇರಳೆಯಾದಳು, ಕೊನೆಗೆ ಒಡೆದೇಹೋದಳು.

"ನಂದೇನು ತಪ್ಪಿಲ್ಲ ಕಣಣ್ಣಾ," ಎಂದಳು ಕಣ್ಣೊರೆಸಿಕೊಳ್ಳುತ್ತ. "ನೀನು ಸುಮ್ನೆ ನಿಂತ್ರೆ, ಇನ್ನೇನು ಬೀಳ್ತಾನೆ, ಇನ್ನೇನು ಬೀಳ್ತಾನೆ ಅನ್ಸತ್ತೆ."

"ಹಾಗಾದ್ರೆ ಪಾಸು ವಾಪಸ್ ಕೊಡು."

"ಇಪ್ಪತ್ತು ವರ್ಷದ ಸ್ನೇಹಾನ ಒಂದು ಪಾಸಿಗೆ ಮಾರ್ಕೋತೀಯಾ?" ಎಂದು ಅದೇ ಕಣ್ಣಿನಲ್ಲಿ ಅಳತೊಡಗಿದಳು. ಟೂಮಿ ಪಾಸು ಕೇಳುವುದನ್ನು ಬಿಟ್ಟು ಟೋಪಿ ಎತ್ತಿಕೊಂಡ. ಇನ್ನು ನಾಲ್ಕು ತಾಸಿನಲ್ಲಿ ಪರದೆ ಏಳುತ್ತದೆ. ಅಷ್ಟರಲ್ಲಿ, ಕಣ್ಣಲ್ಲೇ ನಗುವನ್ನು ಕೊಲ್ಲಬಲ್ಲ ಒಬ್ಬರನ್ನು ಆ ಸಾಲಿನ ನಟ್ಟನಡುವೆ ಕೂರಿಸಬೇಕು. ಅಂಥವರು ನ್ಯೂಯಾರ್ಕಿನಲ್ಲಿ ಒಬ್ಬರೇ ಇದ್ದರು.

ಒಂಬತ್ತನೇ ಅವೆನ್ಯೂ ಮೂಲೆಯಲ್ಲಿ ನಲ್ಲಿ ಒಡೆದು ನೀರು ಮಂಜುಗಡ್ಡೆಯಾಗಿತ್ತು. ಇಪ್ಪತ್ತೊಂದು ವರ್ಷ ಬೇಕೆಂದೇ ಬಿದ್ದವನು ಅಲ್ಲಿ ಬೇಡವೆಂದರೂ ಬಿದ್ದ. ಬಲಮಂಡಿ ಲಟಕ್ ಎಂದಿತು.

"ಟೂಮಿ!" ಎಂದು ಕೂಗಿದ ಮೂಲೆಯ ಪೊಲೀಸಿನವನು. "ಕಾಫಿ ಎಲ್ಲಯ್ಯಾ?"

ಜನ ಸೇರಿದರು. ಚಪ್ಪಾಳೆ ತಟ್ಟಿದರು. ಎತ್ತಲು ಒಬ್ಬರೂ ಕೈ ಕೊಡಲಿಲ್ಲ. ಎತ್ತಿದರೆ ಆಟ ಕೆಡುತ್ತದಲ್ಲ. "ನಿಜವಾಗ್ಲೂ ನೋಯ್ತಾ ಇದೆ ಕಣ್ರೋ!" ಎಂದು ಅವನು ಅರಚಿದಷ್ಟೂ ಚಪ್ಪಾಳೆ ಜೋರಾಯಿತು. ಕಂಬ ಹಿಡಿದು ತಾನೇ ಎದ್ದ. ಮಂಡಿ ಈಗ ಹೊಸ ಪಾಠ ಕಲಿತಿತ್ತು. ಮಡಿಸಿದರೆ ಮಡಿಸಿದಲ್ಲೇ ನಿಲ್ಲುತ್ತಿತ್ತು. ಒತ್ತಿ ನೆಟ್ಟಗೆ ಮಾಡಿದರೆ ಲಟಕ್ಕೆಂದು ಮತ್ತೆ ಮೇಲೇಳುತ್ತಿತ್ತು.

ಅವನು ಕುಂಟುತ್ತ ತಲುಪಿದಾಗ ಅತ್ತೆ ಕೈಯಲ್ಲಿ ಬುಟ್ಟಿ ಹಿಡಿದು ತನ್ನ ಮನೆಯ ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಬುಟ್ಟಿಯಲ್ಲಿ ಬಿಳಿ ಹೊದಿಕೆ, ಮೇಣದಬತ್ತಿ, ಕಟ್ಟಲು ಬಟ್ಟೆಯ ಪಟ್ಟಿಗಳು.

"ಅತ್ತೆ, ಇವತ್ತು ನನ್ನ ನಾಟಕಕ್ಕೆ ಬರ್ಲೇಬೇಕು."

"ಯಾಕೆ? ತಟ್ಟೆ ಗುಡಿಸೋಕಾ?"

"ತಟ್ಟೆ ಇಲ್ಲ. ಇವತ್ತು ನಾನು ಸಾಯ್ತೀನಿ."

"ಏನು ಕಾಯ್ಲೆ?"

"ಮಗ ಸತ್ತ ದುಃಖ."

ಅತ್ತೆ ಯೋಚಿಸಿದಳು. "ಅದ್ರಲ್ಲಿ ಯಾರೂ ಸಾಯಲ್ಲ. ಸತ್ತಿದ್ರೆ ನನ್ನ ಕೈಗೆ ಬರ್ತಿದ್ರು."

"ಇವನು ಸಾಯ್ತಾನೆ ಅತ್ತೆ, ನಾಟಕದಲ್ಲಿ ಹಾಗೆ. ನೀವು ಮುಂದಿನ ಸಾಲಲ್ಲಿ ಓಟೋಗೂ ಮೇಬಲ್‌ಗೂ ಮಧ್ಯ ಕೂತ್ಕೊಳ್ಳಿ. ಯಾರಾದ್ರೂ ನಗೋಕೆ ಬಾಯಿ ತೆಗೆದ್ರೆ ತಿರುಗಿ ಒಂದ್ಸಲ ನೋಡಿ. ಅಷ್ಟೇ."

"ನಾನು ನೋಡಿದ್ರೆ ಹೆಣಾನೂ ನೆಟ್ಟಗೆ ಮಲಗತ್ತೆ. ಅದಿರ್ಲಿ, ನಗಿಸ್ತೀನಿ ಅಂದಿದ್ಯಲ್ಲ, ಅದೇನಾಯ್ತು?"

"ದಯವಿಟ್ಟು ಅದನ್ನ ಮರೆತುಬಿಡಿ. ಇವತ್ತು ಮಾತ್ರ ನಗಬೇಡಿ. ನನ್ನ ಕಾಲು ನಿಮ್ಮ ಕೈಲಿದೆ."

"ಇಪ್ಪತ್ತೊಂದು ವರ್ಷದಲ್ಲಿ ಮೊದಲ್ನೇ ಸಲ ನನ್ನ ಕೈಲಾಗೋದು ಕೇಳ್ದೆ," ಎಂದಳು ಅತ್ತೆ. "ಮೂರು ಬೀದಿ ಆಚೆ ಒಬ್ಬ ಕಾಯ್ತಿದಾನೆ. ಅವನನ್ನ ಮಲಗಿಸಿ ಬರ್ತೀನಿ."

ಎರಡೂವರೆಗೆ ಪರದೆ ಎದ್ದಿತು. ರಂಗದ ಮೇಲೆ ದೀಪಸ್ತಂಭದ ಒಳಭಾಗ. ಸುತ್ತಿಕೊಂಡು ಮೇಲೆ ಹೋಗುವ ಇಪ್ಪತ್ತೆರಡು ಮೆಟ್ಟಿಲು. ಮುದುಕ ಕೈಯಲ್ಲಿ ಲಾಂದ್ರ ಹಿಡಿದು ಅಷ್ಟನ್ನೂ ಇಳಿದು ಬರಬೇಕು. ಮೇಲೆ ಟೂಮಿಯ ಮುಖ ಕಂಡದ್ದೇ ತಡ, ಇಡೀ ಸಭಾಂಗಣ ಕುರ್ಚಿಯ ತುದಿಗೆ ಸರಿಯಿತು. ಎಂಟುನೂರು ಜೋಡಿ ಕಣ್ಣು ಅವನ ಬೂಟಿನ ಮೇಲೆ. ಪಕ್ಕದ ಪರದೆಯ ಸಂದಿಯಲ್ಲಿ ಬ್ರ್ಯಾಂಡ್ ಉಗುರು ಕಚ್ಚುತ್ತ ನಿಂತಿದ್ದ.

ಟೂಮಿ ಒಂದು ಮೆಟ್ಟಿಲು ಇಳಿದ. ಎರಡು. ಏಳನೆಯದರಲ್ಲಿ ಮಂಡಿ ಲಟಕ್ ಎಂದಿತು. ಅವನು ಕಂಬಿ ಹಿಡಿದುಕೊಂಡ. ಲಾಂದ್ರ ತೂಗಾಡಿತು. ಮುಂದಿನ ಸಾಲಿನಲ್ಲಿ ಮೇಬಲ್ ಕುದಿಯುವ ಕೆಟಲ್ಲಿನ ಹಾಗೆ ಸದ್ದು ಮಾಡಿದಳು.

ಹನೋರಾ ಅತ್ತೆ ತಿರುಗಿ ನೋಡಿದಳು. ಒಲೆಯಿಂದ ಇಳಿಸಿದಂತೆ ಕೆಟಲ್ ತಣ್ಣಗಾಯಿತು. ಆಚೆ ಪಕ್ಕ ಓಟೋನ ಹೆಗಲು ಕುಣಿಯಿತು. ಅತ್ತೆ ಅವನನ್ನು ನೋಡಿದಳು, ಆಮೇಲೆ ಗೊಂಬೆಯನ್ನೂ ನೋಡಿದಳು. ಗೊಂಬೆ ಬಾಯಿ ಮುಚ್ಚಿತು.

ಇಪ್ಪತ್ತೆರಡನೆಯ ಮೆಟ್ಟಿಲು ಮುಗಿದು ಕಾಲು ನೆಲಕ್ಕೆ ತಾಗಿದಾಗ ಟೂಮಿಯ ಅಂಗಿ ಬೆನ್ನಿಗಂಟಿತ್ತು. ಆದರೆ ಬಿದ್ದಿರಲಿಲ್ಲ. ಅವನು ಬೀಳದೆ ಇಳಿದದ್ದನ್ನು ಜನ ಮೊದಲ ಸಲ ನೋಡಿದರು, ಮತ್ತು ಮೊದಲ ಸಲ ಕಾಲು ಬಿಟ್ಟು ಮುಖ ನೋಡಿದರು. ನಲವತ್ತನಾಲ್ಕು ವರ್ಷದ, ದಣಿದ, ಹೆದರಿದ ಮುಖ. ನಟಿಸುವ ಅಗತ್ಯವೇ ಇರಲಿಲ್ಲ.

ಎರಡನೇ ಅಂಕದಲ್ಲಿ ಮೂಗು ಒರೆಸುವ ಸದ್ದು ಶುರುವಾಯಿತು. ಮೂರನೆಯದರಲ್ಲಿ ಮೇಬಲ್ ಓಟೋನ ಕರವಸ್ತ್ರ ಕಿತ್ತುಕೊಂಡಳು. ಬ್ರ್ಯಾಂಡ್ ಉಗುರು ಕಚ್ಚುವುದು ನಿಲ್ಲಿಸಿದ. ಇನ್ನು ಉಳಿದದ್ದು ಸಾಯುವುದೊಂದು.

ಟೂಮಿ ದೀಪ ಹಚ್ಚಲು ಮಂಡಿಯೂರಿದ. "ದೀಪ ಆರಿಸಬೇಡ ಮಗಳೇ. ಅವನ ದೋಣಿ ಬರುತ್ತಿದೆ," ಎಂದು ಹಿಂದಕ್ಕೆ ಒರಗಿ ಸತ್ತ. ಎಂಟುನೂರು ಜನರಲ್ಲಿ ಒಬ್ಬರೂ ಉಸಿರಾಡಲಿಲ್ಲ. ಮುಚ್ಚಿದ ಕಣ್ಣಿನೊಳಗೇ ಟೂಮಿ ಆ ಮೌನವನ್ನು ಸವಿದ. ಇಪ್ಪತ್ತೊಂದು ವರ್ಷದ ನಗುವಿಗಿಂತ ಅದು ರುಚಿಯಾಗಿತ್ತು.

ಬಲಮಂಡಿ ಮಾತ್ರ ಡೇರೆಯ ಕಂಬದ ಹಾಗೆ ಮೇಲೆದ್ದು ನಿಂತಿತ್ತು.

ಜನ ಅದನ್ನು ಗಮನಿಸಲಿಲ್ಲ. ಮಗಳ ಪಾತ್ರದ ಹುಡುಗಿ ಅಳುತ್ತ ಬಂದು, ಹೆಣಕ್ಕೆ ಹೊದಿಸುವ ಮೊದಲು ಮೆಲ್ಲಗೆ ಮಂಡಿಯನ್ನು ಒತ್ತಿದಳು. ನೆಟ್ಟಗಾಯಿತು. ಹೊದಿಕೆ ಹೊದಿಸಿದಳು. ಲಟಕ್. ಹೊದಿಕೆ ಮೇಲೆದ್ದಿತು. ಅವಳು ಮತ್ತೆ ಒತ್ತಿದಳು. ಲಟಕ್. ಆಗಲೂ ಜನ ಅಳುತ್ತಲೇ ಇದ್ದರು.

ಆದರೆ ಮುಂದಿನ ಸಾಲಿನಲ್ಲಿ ಒಬ್ಬಳಿದ್ದಳು. ಅವಳ ಕೈಯಲ್ಲಿ ಮಲಗಿದ ಒಂದೇ ಒಂದು ಹೆಣ ನಲವತ್ತು ವರ್ಷದಲ್ಲಿ ಹೀಗೆ ಎದುರಾಡಿರಲಿಲ್ಲ.

ಮೊದಲು ಬಂದದ್ದು ತುಕ್ಕು ಹಿಡಿದ ಗೇಟು ತೆಗೆದ ಸದ್ದು. ಎಲ್ಲಿಂದ ಎಂದು ಯಾರಿಗೂ ಗೊತ್ತಾಗಲಿಲ್ಲ. ಮತ್ತೊಮ್ಮೆ ಬಂತು, ಇನ್ನಷ್ಟು ಅಗಲವಾಗಿ. ಟೂಮಿ ಜನ್ಮದಲ್ಲಿ ಆ ಸದ್ದು ಕೇಳಿರಲಿಲ್ಲ. ಆದರೂ ಕೇಳಿದ ಕ್ಷಣವೇ ಅದು ಯಾರದೆಂದು ಅವನಿಗೆ ತಿಳಿಯಿತು. ಸುಮ್ಮನೆ ಬಿದ್ದಿರು, ನೀನು ಸತ್ತಿದ್ದೀಯ, ಯಾರೋ ಅಳುತ್ತಿದ್ದಾರೆ ಎಂದು ಜನ ತಿಳಿಯುತ್ತಾರೆ, ಅರ್ಧ ನಿಮಿಷದಲ್ಲಿ ಪರದೆ ಬೀಳುತ್ತದೆ ಎಂದು ಬುದ್ಧಿ ಹೇಳಿತು. ನಿಜ, ಸುಮ್ಮನಿದ್ದಿದ್ದರೆ ಉಳಿಯುತ್ತಿದ್ದ. ಆದರೆ ಇಪ್ಪತ್ತೊಂದು ವರ್ಷ ಕಾದದ್ದು ಹತ್ತು ಅಡಿ ದೂರದಲ್ಲಿ ನಡೆಯುತ್ತಿತ್ತು.

ಹೆಣ ಒಂದು ಕಣ್ಣು ತೆರೆದು ಮುಂದಿನ ಸಾಲಿನ ಕಡೆ ನೋಡಿತು.

ಆಮೇಲಿನದನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಮೇಬಲ್ ಸಿಡಿದಳು, ಬಾಲ್ಕನಿ ಕುಸಿದುಬಿದ್ದಂತೆ ನಕ್ಕಿತು, ಓಟೋನ ಗೊಂಬೆ ಓಟೋನನ್ನು ಬಿಟ್ಟು ತಾನೇ ನಕ್ಕಿತೆಂದು ಇಂದಿಗೂ ಕೆಲವರು ಆಣೆ ಮಾಡುತ್ತಾರೆ. ಪರದೆ ಬಿದ್ದ ಮೇಲೂ ಏಳು ನಿಮಿಷ ಚಪ್ಪಾಳೆ ನಿಲ್ಲಲಿಲ್ಲ.

ಟೂಮಿ ಕೆಳಗಿನ ಮೆಟ್ಟಿಲ ಮೇಲೆ ಕೂತು ಪಾತ್ರಕ್ಕೆಂದು ಅಂಟಿಸಿಕೊಂಡಿದ್ದ ಗಡ್ಡ ಕಿತ್ತ. ಬ್ರ್ಯಾಂಡ್ ಎದುರು ಬಂದು ನಿಂತ.

"ಗೊತ್ತು ಸರ್. ಶುಕ್ರವಾರದಿಂದ ಬೇರೆಯವ್ರು."

"ಯಾರ್ರೀ ಹೇಳಿದ್ದು?" ಎಂದ ಬ್ರ್ಯಾಂಡ್. ಅವನ ಮುಖದಲ್ಲಿ ಎಂದೂ ಕಾಣದ ಬೆಳಕಿತ್ತು. "ಬಾಗಿಲಲ್ಲಿ ಹೋಗಿ ನೋಡಿ, ಟಿಕೆಟ್ಟಿನ ಕ್ಯೂ ಬೀದಿ ತಿರುವು ದಾಟಿದೆ. ವಾರಕ್ಕೆ ಎಂಟು ಆಟ, ಎರಡು ವರ್ಷದ ಕರಾರು. ಒಂದೇ ಒಂದು ಸಣ್ಣ ಬದಲಾವಣೆ." ಅವನು ಬೆರಳೆತ್ತಿ ಮೆಟ್ಟಿಲುಗಳ ತುತ್ತತುದಿಯನ್ನು ತೋರಿಸಿದ. "ನೀವು ಸಾಯೋದು ಅಲ್ಲಿ. ಆಮೇಲೆ ಕೆಳಗೆ ಬರ್ತೀರಿ."

ಟೂಮಿ ತಲೆಯೆತ್ತಿ ನೋಡಿದ. ವಾಡೆವಿಲ್‌ನಲ್ಲಿ ಹದಿನಾಲ್ಕಿದ್ದವು. ಇಲ್ಲಿ ಎಂಟು ಜಾಸ್ತಿ.

ಬ್ರ್ಯಾಂಡ್ ಹೋದ ಮೇಲೆ ಅತ್ತೆ ಬುಟ್ಟಿಯೊಂದಿಗೆ ರಂಗದ ಮೇಲೆ ಬಂದಳು. ಮುಖ ಮತ್ತೆ ಮೊದಲಿನಂತಾಗಿತ್ತು. ಕಣ್ಣಂಚು ಮಾತ್ರ ಇನ್ನೂ ಒದ್ದೆ.

"ಕಾಲು ಕೊಡು ಇಲ್ಲಿ," ಎಂದಳು. ಹೆಣಕ್ಕೆಂದು ಇಟ್ಟಿದ್ದ ಬಟ್ಟೆಯ ಪಟ್ಟಿ ತೆಗೆದು ಅವನ ಮಂಡಿಯನ್ನು ಬಿಗಿದು ಕಟ್ಟಿದಳು. "ಸಾಯೋದ್ರೊಳಗೆ ಅಂದಿದ್ದೆ. ಸತ್ತ ಮೇಲೆ ನಗಿಸ್ದೆ."

"ಒಂದು ನಿಮಿಷ ತಡ ಆಯ್ತು ಅತ್ತೆ."

"ಇರ್ಲಿ ಬಿಡು," ಎಂದಳು ಅತ್ತೆ, ಗಂಟು ಹಾಕುತ್ತ. "ಒಪ್ಕೊಂಡೆ."

ಇಪ್ಪತ್ತೊಂದು ವರ್ಷದ ಹಿಂದೆ ಅತ್ತೆಗೆ ಕೊಟ್ಟ ಮಾತನ್ನು ಟೂಮಿ ಉಳಿಸಿಕೊಂಡಿದ್ದ.